ಅವ್ವ ಬದುಕಿದ್ದಾಳೆ, ಕಂಪ್ಯೂಟರ್‌ನಲ್ಲಿ "ಮರಣ" ಅಂತಿದೆ: ಒಂದೇ ಹೆಸರು ಅಂತ ಪಿಂಚಣಿ ನಿಲ್ಲಿಸಿದ್ದಾರೆ, ಏನು ಮಾಡೋದು?

ಕೆಂಪುಮಣ್ಣು (ಬೆಳಿಗ್ಗೆ 8:40)
ಎಲ್ಲರಿಗೂ ನಮಸ್ಕಾರ. ಗೊತ್ತಿರೋರು ದಯವಿಟ್ಟು ದಾರಿ ಹೇಳಿ.

ನಮ್ಮ ಅವ್ವನಿಗೆ ಎಪ್ಪತ್ತು ದಾಟಿದೆ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ವಯಸ್ಸಾದವರಿಗೆ ಸರ್ಕಾರ ಕೊಡೋ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಬರುತ್ತಿತ್ತು. ಬಿಪಿ ಗುಳಿಗೆ, ಎಲೆ-ಅಡಿಕೆ, ಮೊಮ್ಮಕ್ಕಳ ಕೈಗೆ ಹತ್ತಿಪ್ಪತ್ತು ರೂಪಾಯಿ ಎಲ್ಲ ಅದರಲ್ಲೇ. ಕೆಲವು ತಿಂಗಳಿಂದ ದುಡ್ಡಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಮೇಲಿಂದಲೇ ಬಂದಿಲ್ಲಮ್ಮ" ಅಂದರು. ಕಚೇರಿಯಲ್ಲಿ ಕಂಪ್ಯೂಟರ್ ನೋಡಿ "ಫಲಾನುಭವಿ ಮರಣ ಅಂತ ಬಂದಿದೆ" ಅಂದರು. ಅವ್ವ ಅದೇ ಕಿಟಕಿ ಮುಂದೆ ಕೋಲು ಹಿಡಕೊಂಡು ನಿಂತಿದ್ದಳು.

ವಿಚಾರಿಸಿದಾಗ ಗೊತ್ತಾಗಿದ್ದು, ಪಕ್ಕದ ಹಳ್ಳಿಯಲ್ಲಿ ಅವಳದೇ ಹೆಸರಿನ ಇನ್ನೊಬ್ಬ ಅಜ್ಜಿ ತೀರಿಕೊಂಡಿದ್ದಾರೆ. ನಿಜವಾದ ಹೆಸರು ಇಲ್ಲಿ ಹಾಕಲ್ಲ, ಹುಲಿಗೆಮ್ಮ ಅಂತ ಇಟ್ಕೊಳ್ಳಿ. ಇಬ್ಬರ ಗಂಡಂದಿರ ಹೆಸರೂ ಒಂದೇ, ಯಮನೂರಪ್ಪ ಅಂತಿಟ್ಕೊಳ್ಳಿ. ಮರಣ ನೋಂದಣಿ ಪಟ್ಟಿಯನ್ನು ಪಿಂಚಣಿ ಪಟ್ಟಿಗೆ ತಾಳೆ ಹಾಕಿದಾಗ ಆ ಸಾವು ನಮ್ಮವ್ವನ ಹೆಸರಿಗೆ ಬಂದು ಕೂತಿದೆ. ಒಬ್ಬರೂ ಮನೆಗೆ ಬಂದು ನೋಡಿಲ್ಲ, ಒಂದು ನೋಟಿಸ್ ಕೊಟ್ಟಿಲ್ಲ. ಈಗ ಬದುಕಿದ್ದೀನಿ ಅಂತ ರುಜುವಾತು ಮಾಡೋ ಕೆಲಸ ಅವ್ವನ ಮೇಲೆ ಬಿದ್ದಿದೆ.

ಯಾವ ಅರ್ಜಿ, ಎಲ್ಲಿ ಕೊಡಬೇಕು? ನಿಂತು ಹೋದ ತಿಂಗಳುಗಳ ದುಡ್ಡು ವಾಪಸ್ ಬರುತ್ತಾ?

ಓಣಿಮಂದಿ (8:52)
ನಮ್ಮ ಕಾಕಾಗೂ ಹಿಂಗ ಆಗಿತ್ರಿ. ಧೈರ್ಯ ಬಿಡಬ್ಯಾಡ್ರಿ, ಆಗತೈತಿ.

ಮಲೆನಾಡ ಮಳೆ (9:05)
ಓದಿ ಹೊಟ್ಟೆ ಉರೀತು. ಮೊದಲು ಗ್ರಾಮ ಪಂಚಾಯಿತಿಯಿಂದ "ಜೀವಂತ ಇದ್ದಾರೆ" ಅಂತ ಒಂದು ಪತ್ರ ತಗೊಳ್ಳಿ. ಅವ್ವನ ಫೋಟೋ ಅಂಟಿಸಿ ಮೇಲೆ ಸೀಲು ಬೀಳಬೇಕು, ಫೋಟೋ ಇಲ್ಲದ ಪತ್ರ ತಗೊಂಡು ಹೋದರೆ ಮತ್ತೆ ಓಡಾಟ.

ಬೆಂದಕಾಳು (9:11)
ಆಧಾರ್ ಲಿಂಕ್ ಆಗಿರಲಿಲ್ವಾ? ಆಧಾರ್ ಇದ್ದರೆ ಹೀಗೆ ಆಗೋಕೆ ಸಾಧ್ಯನೇ ಇಲ್ಲ. 12 ಅಂಕಿ ಬೇರೆ ಬೇರೆ ಇರುತ್ತಲ್ಲ.

ಕೆಂಪುಮಣ್ಣು (9:20)
ಲಿಂಕ್ ಆಗಿದೆ ಸರ್. ಪಿಂಚಣಿಗೂ ಆಗಿದೆ, ಖಾತೆಗೂ ಆಗಿದೆ.

ಕೋಡುಗಲ್ಲು (9:34)
@ಬೆಂದಕಾಳು, ಸಾಧ್ಯ ಇದೆ. ನಾನು ಇಂಥ ಡೇಟಾ ಹೊಂದಿಸೋ ಕೆಲಸವನ್ನೇ ಖಾಸಗಿ ಕಂಪನಿಯಲ್ಲಿ ಮಾಡ್ತೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಎರಡು ಪಟ್ಟಿಗಳಲ್ಲೂ ಆಧಾರ್ ಸಂಖ್ಯೆ ಇದ್ದರೆ ಸಂಖ್ಯೆಗೆ ಸಂಖ್ಯೆ ಹೊಂದಿಸಬಹುದು. ಒಂದು ಪಟ್ಟಿಯಲ್ಲಿ ಇಲ್ಲ ಅಂದರೆ ಇನ್ನೊಂದರಲ್ಲಿ ಇದ್ದೂ ಉಪಯೋಗ ಇಲ್ಲ. ಹಳ್ಳಿಯಲ್ಲಿ ಯಾರೋ ತೀರಿಕೊಂಡಾಗ ಮಗನೋ ಅಳಿಯನೋ ಹೋಗಿ ಮರಣ ಬರೆಸ್ತಾನೆ, ಕೈಯಲ್ಲಿ ಸತ್ತವರ ಕಾರ್ಡ್ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಆಗ ತಂತ್ರಾಂಶಕ್ಕೆ ಉಳಿಯೋದು ಹೆಸರು, ಗಂಡನ ಅಥವಾ ಅಪ್ಪನ ಹೆಸರು, ವಯಸ್ಸು, ತಾಲ್ಲೂಕು. ಇವನ್ನ ಅಕ್ಷರಕ್ಕೆ ಅಕ್ಷರ ಹೋಲಿಸಿ ಶೇಕಡಾ ಇಷ್ಟು ಹೊಂದುತ್ತೆ ಅಂತ ಅಂಕ ಕೊಡ್ತಾರೆ. ಇಷ್ಟು ಅಂಕ ದಾಟಿದರೆ ಒಬ್ಬರೇ ಅಂತ ತೀರ್ಮಾನ. ಆ ಗೆರೆ ಎಲ್ಲಿ ಎಳೀಬೇಕು ಅನ್ನೋದು ಮನುಷ್ಯರು ಕೂತು ನಿರ್ಧರಿಸಿದ್ದು. ಗೆರೆ ಕೆಳಗಿಳಿಸಿದರೆ ಸತ್ತವರ ಹೆಸರಲ್ಲಿ ದುಡ್ಡು ತಿನ್ನೋರು ಹೆಚ್ಚು ಸಿಗ್ತಾರೆ, ಜೊತೆಗೆ ಬದುಕಿರೋರೂ ಹೆಚ್ಚು ಸಿಕ್ಕಿಹಾಕ್ಕೊಳ್ತಾರೆ.

ಇನ್ನು ಲೆಕ್ಕ ನೋಡಿ. ಸಾವಿರಕ್ಕೆ ಒಂದು ತಪ್ಪು ಅಂದರೆ ಕಚೇರಿಯಲ್ಲಿ ಕೂತವರಿಗೆ ಬಹಳ ಚೆನ್ನಾಗಿ ಕಾಣುತ್ತೆ. ಅದನ್ನೇ ಒಂದು ಕೋಟಿ ದಾಖಲೆ ಮೇಲೆ ಓಡಿಸಿದರೆ 10,000 ಜನ.

ಬೆಂದಕಾಳು (9:41)
ಸರಿ, ಹೆಸರು ಒಂದೇ ಇರಬಹುದು. ಹುಟ್ಟಿದ ತಾರೀಖು? ಅದೂ ಒಂದೇ ಇರೋದು ಅಪರೂಪ ಅಲ್ವಾ.

ಹಳೇಮೇಷ್ಟ್ರು (9:58)
ನಗರದ ಆಸ್ಪತ್ರೆಯಲ್ಲಿ ಹುಟ್ಟಿದವರಿಗೆ ಅಪರೂಪ ಕಣಪ್ಪಾ. ನಮ್ಮ ಕಾಲದ ಹಳ್ಳಿಯವರಿಗೆ ಅಲ್ಲ. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲ ಅಂದರೆ ಹೆಡ್‌ಮಾಸ್ತರರು ಜೂನ್ 1 ಅಂತ ಬರೆಯುತ್ತಿದ್ದರು, ವರ್ಷ ಅಂದಾಜು. ನಾನು ಕೆಲಸ ಮಾಡಿದ ಶಾಲೆಗಳ ದಾಖಲಾತಿ ಪುಸ್ತಕ ತೆಗೆದರೆ ಪುಟಗಟ್ಟಲೆ ಜೂನ್ 1. ಶಾಲೆಯ ಮೆಟ್ಟಿಲೇ ಹತ್ತದ ಹೆಣ್ಣುಮಕ್ಕಳ ಆಧಾರ್ ತೆಗೆದು ನೋಡಿ: ಬರೀ ಹುಟ್ಟಿದ ವರ್ಷ, ಇಲ್ಲವೇ ಜನವರಿ 1. ಈ ಅಜ್ಜಿಯರಿಬ್ಬರ ವಯಸ್ಸೂ ಎಪ್ಪತ್ತರ ಆಸುಪಾಸು ಅಂದಮೇಲೆ ತಾರೀಖೂ ಹೊಂದಿದ್ದರೆ ನನಗೇನೂ ಆಶ್ಚರ್ಯ ಇಲ್ಲ.

ಕೆಂಪುಮಣ್ಣು (10:02)
ಮೇಷ್ಟ್ರೇ, ಅವ್ವನದು 01-01 ಅಂತಲೇ ಇದೆ!

ಓಣಿಮಂದಿ (10:10)
ಅಲ್ರಿ, ಹುಲಿಗೆಮ್ಮ ಅನ್ನೋ ಹೆಸರು ನಮ್ಮ ಕಡೆ ಎಷ್ಟು ಮಂದಿಗೆ ಐತಿ ಅಂತ ಬೆಂಗಳೂರಿನ ಕಂಪ್ಯೂಟರಿಗೆ ಹೆಂಗ ಗೊತ್ತಾಗಬೇಕ್ರಿ? ಹುಲಿಗಿ ತಾಯಿಗೆ ಹರಕಿ ಹೊತ್ತ ಮನಿಯಾಗೆಲ್ಲ ಒಬ್ಬಾಕಿ ಹುಲಿಗೆಮ್ಮ ಇರ್ತಾಳ. ನಮ್ಮೂರಾಗ ಮ್ಯಾಲಿನ ಓಣಿ ಹುಲಿಗೆಮ್ಮ, ಗಿರಣಿ ಹುಲಿಗೆಮ್ಮ, ಕುಂಟ ಯಮನೂರಪ್ಪನ ಹುಲಿಗೆಮ್ಮ. ಊರಾಗ ಯಾರಿಗೂ ಗೊಂದಲ ಇಲ್ಲ. ಕಾಗದದ ಮ್ಯಾಲ ಬಂದ ಕೂಡ್ಲೇ ಓಣಿ, ಗಿರಣಿ ಎಲ್ಲ ಹೋಗಿ ಬರೀ ಹುಲಿಗೆಮ್ಮ ಉಳೀತಾಳ.

ಸಕ್ಕರೆನಾಡು (10:22)
ಮಂಡ್ಯ ಕಡೆ ಬನ್ನಿ. ಬೋರೇಗೌಡ, ನಿಂಗೇಗೌಡ, ಚಿಕ್ಕತಾಯಮ್ಮ. ಅಜ್ಜನ ಹೆಸರು ಮೊಮ್ಮಗನಿಗೆ ಇಡೋದು ಪದ್ಧತಿ. ಮೂರು ಜನ ಅಣ್ಣತಮ್ಮಂದಿರು ಇದ್ದರೆ ಮೂರು ಮನೆಯಲ್ಲೂ ಹಿರಿಮಗನಿಗೆ ಅದೇ ಅಜ್ಜನ ಹೆಸರು. ನಮ್ಮ ವಂಶವೃಕ್ಷ ಮಾಡಿಸುವಾಗ ನಾಡಕಚೇರಿಯಲ್ಲಿ "ಇವರಿಬ್ಬರು ಒಬ್ಬರೇ ಅಲ್ವಾ, ಎರಡು ಸಲ ಬರೆದಿದ್ದೀರಲ್ಲ" ಅಂತ ಕೇಳಿದರು. ನನ್ನ ದೊಡ್ಡಪ್ಪನ ಮಗ ಮತ್ತು ಚಿಕ್ಕಪ್ಪನ ಮಗ, ಇಬ್ಬರೂ ಪಕ್ಕದಲ್ಲೇ ನಿಂತಿದ್ದರು.

ತೆಂಕಣಗಾಳಿ (10:25)
ಮಂಜುನಾಥ ಅಂತ ಹೆಸರಿರೋರು ಒಮ್ಮೆ ಕೈ ಎತ್ತಿ.

ಮಂಜು_ಹಾಸನ (10:26)
🙋

ಮಂಜಣ್ಣ_ಶಿರಾ (10:31)
ಹಾಜರ್. ಪಹಣಿಯಲ್ಲಿ ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ ಎಸ್, ಬ್ಯಾಂಕಿನಲ್ಲಿ ಮಂಜುನಾಥಯ್ಯ. ಬೆಳೆ ಪರಿಹಾರ ಅಂತ ಬಂದಾಗಲೆಲ್ಲ "ಹೆಸರು ಹೊಂದಾಣಿಕೆ ಇಲ್ಲ". ಫ್ರೂಟ್ಸ್ ಐಡಿಗೆ (ರೈತರ ನೋಂದಣಿ ಸಂಖ್ಯೆ) ಜಮೀನು ಸೇರಿಸೋಕೆ ರೈತ ಸಂಪರ್ಕ ಕೇಂದ್ರಕ್ಕೆ ಅಲೆದು ಸಾಕಾಯ್ತು. ಇಲ್ಲಿ ಅಮ್ಮನಿಗೆ ಬೇರೆಯವರ ಹೆಸರು ಹೊಂದಿಬಿಟ್ಟಿದೆ, ನನಗೆ ನನ್ನ ಹೆಸರೇ ಹೊಂದ್ತಿಲ್ಲ.

ಕೋಡುಗಲ್ಲು (10:44)
ಎರಡರ ಬೇರೂ ಒಂದೇ. ಹೆಸರು ಕನ್ನಡದಲ್ಲಿ ಹುಟ್ಟುತ್ತೆ, ಡೇಟಾ ಎಂಟ್ರಿಯಲ್ಲಿ ಇಂಗ್ಲಿಷಿಗೆ ಹೋಗುತ್ತೆ, ಅಲ್ಲಿಂದ ತಂತ್ರಾಂಶ ಅದನ್ನ ತಾನೇ ಮತ್ತೆ ಕನ್ನಡಕ್ಕೆ ತಿರುಗಿಸುತ್ತೆ. ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ನ, ಣಕ್ಕೂ ಒಂದೇ. ಕಲ್ಲಪ್ಪ ಅನ್ನೋರು ಕಳ್ಳಪ್ಪ ಆಗಿ ವಾಪಸ್ ಬರ್ತಾರೆ, ಮಲ್ಲಮ್ಮ ಮಳ್ಳಮ್ಮ ಆಗ್ತಾರೆ. ಈ ಅವಾಂತರ ಗೊತ್ತಿರೋದರಿಂದಲೇ ಹೊಂದಿಸೋರು ಸ್ವಲ್ಪ ಸಡಿಲ ಬಿಡ್ತಾರೆ: ಈರಮ್ಮ, ವೀರಮ್ಮ, ಶಾಂತವ್ವ, ಶಾಂತಮ್ಮ ಎಲ್ಲ ಒಂದೇ ಇರಬಹುದು ಅಂತ. ದುಡ್ಡು ಕೊಡುವಾಗ ಅಕ್ಷರ ಬಿಗಿಯಾಗಿ ಹೊಂದಬೇಕು, ಪಟ್ಟಿಯಿಂದ ತೆಗೆಯುವಾಗ ಸಡಿಲವಾಗಿ ಹೊಂದಿದರೂ ನಡೆಯುತ್ತೆ. ನನಗೆ ಸಿಟ್ಟು ಬರೋದು ಇಲ್ಲಿ. ಎರಡೂ ಕಡೆ ಪೆಟ್ಟು ಬಡವರಿಗೇ.

ನಾಮಧೇಯ (10:50)
ಕೊನೆ ಎರಡು ಸಾಲು ಚಿನ್ನದಂಥ ಮಾತು.

ಕಂದಾಯದವ (11:15)
ನಾನು ಗ್ರಾಮ ಆಡಳಿತ ಅಧಿಕಾರಿ. ಹೆಸರು, ಊರು ಹೇಳಲ್ಲ. ಇಲ್ಲಿ ಎಲ್ಲರೂ ಇಲಾಖೆಯವರಿಗೆ ಬೈಯ್ತಿದ್ದೀರಿ, ನಮ್ಮ ಕಡೆಯದೂ ಸ್ವಲ್ಪ ಕೇಳಿ.

ಸತ್ತವರ ಹೆಸರಲ್ಲಿ ದುಡ್ಡು ಹೋಗೋದು ಸುಳ್ಳಲ್ಲ. ತಾಯಿ ತೀರಿಕೊಂಡು ವರ್ಷವಾದರೂ ಎಟಿಎಂ ಕಾರ್ಡ್ ಇಟ್ಟುಕೊಂಡು ಪಿಂಚಣಿ ತೆಗೆದವರನ್ನ ನಾನೇ ಕಂಡಿದ್ದೀನಿ. ಆಡಿಟ್‌ನಲ್ಲಿ ಸಿಕ್ಕರೆ ವಸೂಲಿ ನೋಟಿಸ್ ನಮ್ಮ ತಲೆಗೆ. ಹಾಗಾಗಿ ಪಟ್ಟಿ ಶುದ್ಧ ಮಾಡಬಾರದು ಅಂತ ಹೇಳೋಕೆ ಆಗಲ್ಲ.

ಆದರೆ ಪಟ್ಟಿ ನಮಗೆ ಹೇಗೆ ಬರುತ್ತೆ ಅಂತ ಹೇಳ್ತೀನಿ. "ಶಂಕಾಸ್ಪದ ಫಲಾನುಭವಿಗಳು, ಸ್ಥಳ ಪರಿಶೀಲಿಸಿ ವರದಿ ಸಲ್ಲಿಸಿ" ಅಂತ ನೂರಾರು ಹೆಸರು. ವಾರದ ಗಡುವು. ಅದೇ ವಾರ ಬೆಳೆ ಸಮೀಕ್ಷೆ, ಪಹಣಿಗೆ ಆಧಾರ್ ಜೋಡಣೆ, ಚುನಾವಣೆ ಕೆಲಸ. ಒಬ್ಬರಿಗೆ ಎರಡು ಮೂರು ವೃತ್ತ ಪ್ರಭಾರ. ಕೆಲವರು ಮನೆಗೆ ಹೋಗದೆ ಊರಿನ ಯಾರಿಗೋ ಫೋನ್ ಮಾಡಿ "ಹುಲಿಗೆಮ್ಮ ಯಮನೂರಪ್ಪ ತೀರಿಕೊಂಡ್ರಾ" ಅಂತ ಕೇಳ್ತಾರೆ. ಆ ಕಡೆಯವರು "ಹೌದು ಸರ್, ಹೋದ ತಿಂಗಳು" ಅಂತಾರೆ, ಅವರ ತಲೆಯಲ್ಲಿ ಪಕ್ಕದೂರಿನ ಅಜ್ಜಿ. ಮುಗೀತು.

ಓಣಿಮಂದಿ (11:19)
ಅಂದ್ರ ನೀವಽ ಒಪ್ಪಿಕೊಂಡ್ರಿ, ಮನಿಗೆ ಹೋಗಲ್ಲ ಅಂತ.

ಕಂದಾಯದವ (11:24)
ಕೆಲವರು ಹೋಗಲ್ಲ. ಹೋಗೋರೂ ಇದ್ದೀವಿ. ಹೋದಾಗ ಅಜ್ಜಿ ಕಟ್ಟೆ ಮೇಲೆ ಕೂತು ಹುಣಸೆಹಣ್ಣು ಬಿಡಿಸ್ತಾ ಇರೋದು ನೋಡಿ, ಅವರ ಕೈಗೆ ಒಂದು ಸ್ಲೇಟಿನ ಮೇಲೆ ತಾರೀಖು ಬರೆದು ಕೊಟ್ಟು ಫೋಟೋ ತೆಗೆದು ವರದಿಗೆ ಹಾಕಿದ್ದೀನಿ. ಅಂಥ ಹೆಸರು ಉಳಿದಿದೆ.

ಮಲೆನಾಡ ಮಳೆ (11:30)
ಸರ್, ನಿಮ್ಮಂಥೋರು ಇರೋದು ಸಮಾಧಾನ. ಆದರೆ ಅಧಿಕಾರಿ ಒಳ್ಳೆಯವರಾದರೆ ಪಿಂಚಣಿ, ಇಲ್ಲದಿದ್ದರೆ ಇಲ್ಲ ಅಂತಾಗಬಾರದಲ್ಲ. ನಿಲ್ಲಿಸೋಕೆ ಮುಂಚೆ ನೋಟಿಸ್ ಕೊಡಲೇಬೇಕು ಅಂತ ಇರಬೇಕು.

ವಕೀಲಕೋಟು (11:52)
ಇದು ಹೊಸ ಬೇಡಿಕೆ ಏನಲ್ಲ. ಒಬ್ಬರ ಹಕ್ಕು ಕಿತ್ಕೊಳ್ಳೋ ಮುಂಚೆ ಅವರ ಮಾತು ಕೇಳಬೇಕು ಅನ್ನೋದು ಸಹಜ ನ್ಯಾಯದ ಮೊದಲ ಪಾಠ. ಮತದಾರರ ಪಟ್ಟಿ ನೋಡಿ: 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಕಲಂನಲ್ಲಿ, ಆ ಕ್ಷೇತ್ರದಲ್ಲಿ ವಾಸ ಇಲ್ಲ ಅನ್ನೋ ಕಾರಣಕ್ಕೆ ಹೆಸರು ತೆಗೆಯೋ ಮುಂಚೆ ಅವರಿಗೆ ಹೇಳಿಕೊಳ್ಳೋ ಅವಕಾಶ ಕೊಡಬೇಕು ಅಂತ ಬರೆದೇ ಇದೆ.

ಹೆಸರು ಹೊಂದಿಸೋದು ಯಾವ ಮಟ್ಟಕ್ಕೆ ಹೋಗಬಹುದು ಅಂತ ತಿಳೀಬೇಕಾದರೆ ತೆಲಂಗಾಣದ ಕತೆ ಓದಿ. ಅಲ್ಲಿ "ಸಮಗ್ರ ವೇದಿಕ" ಅಂತ ಒಂದು ವ್ಯವಸ್ಥೆ. ವಾಹನ ನೋಂದಣಿ, ಆಸ್ತಿ, ವಿದ್ಯುತ್ ಸಂಪರ್ಕ ಹೀಗೆ ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನ ಹೆಸರು, ವಿಳಾಸದ ಮೇಲೆ ಒಂದೇ ವ್ಯಕ್ತಿಗೆ ಜೋಡಿಸಿ, ಇವರು ಬಡವರಲ್ಲ ಅಂತ ತೀರ್ಮಾನಿಸುತ್ತೆ. ಹೈದರಾಬಾದಿನ ಒಬ್ಬ ವಿಧವೆಯ ಗಂಡ ರಿಕ್ಷಾ ತುಳಿಯುತ್ತಿದ್ದವರು. ಹತ್ತಿರದ ಹೆಸರಿನ ಬೇರೊಬ್ಬರ ಕಾರು ಅವರ ಲೆಕ್ಕಕ್ಕೆ ಬಂತು, ರೇಷನ್ ಕಾರ್ಡ್ ಹೋಯ್ತು. ಅಂಥ ಸುಮಾರು 19 ಲಕ್ಷ ಕಾರ್ಡುಗಳ ರದ್ದತಿ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿ, 2022ರ ಏಪ್ರಿಲ್‌ನಲ್ಲಿ ಕೋರ್ಟು ಮನೆ ಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಅಂದಿತು.

ಬೆಂದಕಾಳು (12:04)
ಅದು ತೆಲಂಗಾಣ. ನಮ್ಮಲ್ಲಿ ಅಷ್ಟು ಕೆಟ್ಟದಾಗಿಲ್ಲ. ಪಹಣಿ ಕೊಡೋ ಭೂಮಿ ತಂತ್ರಾಂಶ ದೇಶಕ್ಕೇ ಮಾದರಿ ಆಯ್ತು, ಗಡುವಿನೊಳಗೆ ಸರ್ಕಾರಿ ಸೇವೆ ಕೊಡೋ ಸಕಾಲ ಬಂತು. ಒಂದೆರಡು ತಪ್ಪಿಗೆ ಇಡೀ ಕಂಪ್ಯೂಟರೀಕರಣ ಬೇಡ ಅನ್ನೋದು ಸರಿಯಲ್ಲ. ಮುಂಚೆ ಪಹಣಿಗೆ ಎಷ್ಟು ದಿನ ಕಾಯಬೇಕಿತ್ತು, ಎಷ್ಟು ಕೈ ಬೆಚ್ಚಗೆ ಮಾಡಬೇಕಿತ್ತು ಅಂತ ನೆನಪಿದೆಯಾ?

ಹಳೇಮೇಷ್ಟ್ರು (12:12)
ಕಂಪ್ಯೂಟರ್ ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ ಬೆಂದಕಾಳು ಅವರೇ. ಪಟ್ಟಿ ಕಂಪ್ಯೂಟರ್ ಮಾಡಲಿ, ನಿಲ್ಲಿಸುವ ಸಹಿ ಮನೆ ನೋಡಿ ಬಂದವರು ಹಾಕಲಿ. ಇಷ್ಟೇ ಕೇಳ್ತಿರೋದು.

ವಕೀಲಕೋಟು (12:20)
ನಮ್ಮಲ್ಲಿ ಆಗಿಲ್ಲ ಅಂತೀರಾ? ಕಂಪ್ಯೂಟರ್ ಬಿಡಿ, ಮನುಷ್ಯರೇ ಹೆಸರು ಹೊಂದಿಸಿದ್ದಕ್ಕೆ ನಮ್ಮ ಹೈಕೋರ್ಟಿನಲ್ಲೇ ಪ್ರಕರಣ ಇದೆ. ವಾರಂಟ್ ಇದ್ದಿದ್ದು ಒಬ್ಬರ ಮೇಲೆ, ಪೊಲೀಸರು ಹಿಡಿದು ತಂದಿದ್ದು ಇನ್ನೊಬ್ಬರನ್ನ. ಕೊಟ್ಟ ಸಮಜಾಯಿಷಿ: ಇಬ್ಬರ ಅಪ್ಪನ ಹೆಸರೂ ಒಂದೇ ಅಂತ. 2022ರಲ್ಲಿ ಕರ್ನಾಟಕ ಹೈಕೋರ್ಟ್ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಬಂಧಿಸೋ ಮುಂಚೆ ಗುರುತು ಖಚಿತ ಮಾಡಿಕೊಳ್ಳೋಕೆ ಕಾರ್ಯವಿಧಾನ ರೂಪಿಸಿ ಅಂತ ಪೊಲೀಸ್ ಮಹಾನಿರ್ದೇಶಕರಿಗೆ ಹೇಳಿತು.

ಅಸ್ಸಾಮಿನ ಚಿರಾಂಗ್ ಜಿಲ್ಲೆಯದು ಇನ್ನೂ ಘೋರ. ವಿದೇಶಿ ಅಂತ ಘೋಷಿತರಾದ ಹೆಂಗಸು ಆಗಲೇ ತೀರಿಕೊಂಡಿದ್ದರು. ಹತ್ತಿರದ ಹೆಸರಿನ ಬೇರೊಬ್ಬ ಹೆಂಗಸನ್ನ ಕರೆದುಕೊಂಡು ಹೋಗಿ ಬಂಧನ ಕೇಂದ್ರದಲ್ಲಿ ಹೆಚ್ಚುಕಮ್ಮಿ ಮೂರು ವರ್ಷ ಇಟ್ಟರು. ಬಿಟ್ಟಿದ್ದು 2019ರಲ್ಲಿ.

ತೆಂಕಣಗಾಳಿ (12:24)
ಮೂರು ವರ್ಷ! ದೇವರೇ.

ಗಿಡುಗ (12:31)
ಉತ್ತರ ಪ್ರದೇಶದಲ್ಲಿ ಲಾಲ್ ಬಿಹಾರಿ ಅನ್ನೋರು ಇದ್ದಾರಲ್ಲ, ದಾಖಲೆಯಲ್ಲಿ ಸತ್ತವರು, "ಮೃತಕ ಸಂಘ" ಕಟ್ಟಿದವರು. ಅವರದೂ ಇದೇ ಕೇಸಾ?

ವಕೀಲಕೋಟು (12:36)
ಅಲ್ಲ. ಆಜಂಗಢದ ಅವರದು ಹೆಸರಿನ ಗೊಂದಲ ಅಲ್ಲ, ಜಮೀನಿಗಾಗಿ ನೆಂಟರೇ ಲಂಚ ಕೊಟ್ಟು ಸತ್ತವರು ಅಂತ ಬರೆಸಿದ್ದು. 1975ರಿಂದ 1994ರವರೆಗೆ ಹೋರಾಡಿ ಬದುಕಿದ್ದೀನಿ ಅಂತ ಸಾಬೀತು ಮಾಡಿದರು. ಅಲ್ಲಿ ಮೋಸ ಮಾಡಿದೋನು ಒಬ್ಬ ಇದ್ದ, ಹಿಡೀಬಹುದಿತ್ತು. ಇಲ್ಲಿ ಯಾರನ್ನ ಹಿಡೀತೀರಿ? ಕೆಳಗಿನವರು "ಮೇಲಿಂದ ಬಂತು" ಅಂತಾರೆ, ಮೇಲಿನವರು "ತಂತ್ರಾಂಶ ಹೇಳಿತು" ಅಂತಾರೆ.

ಸಾಗರದಾಚೆ (12:58)
ನ್ಯೂಜೆರ್ಸಿಯಿಂದ. ಇಲ್ಲೂ ಇದೇ ಗೋಳು. 2004ರಲ್ಲಿ ಸೆನೆಟರ್ ಟೆಡ್ ಕೆನಡಿಯವರನ್ನೇ ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ತಡೆದಿದ್ದರು. ಶಂಕಿತನೊಬ್ಬ ಬಳಸುತ್ತಿದ್ದ ಹೆಸರು "ಟಿ. ಕೆನಡಿ" ಅಂತ ವಿಮಾನ ಹತ್ತೋರನ್ನ ತಡೆಯೋ ಪಟ್ಟಿಯಲ್ಲಿತ್ತು. ಅಷ್ಟು ದೊಡ್ಡ ಮನುಷ್ಯರಿಗೇ ಅದನ್ನ ಸರಿಪಡಿಸಿಕೊಳ್ಳೋಕೆ ವಾರಗಳು ಬೇಕಾಯ್ತು. 2007ರಲ್ಲಿ ಇಂಥವರಿಗಾಗಿ ದೂರು ಕೊಡೋ ವ್ಯವಸ್ಥೆ ತಂದರು. ಒಂದು ಪರಿಹಾರ ಸಂಖ್ಯೆ ಕೊಡ್ತಾರೆ, ಟಿಕೆಟ್ ಮಾಡುವಾಗ ಹಾಕಬೇಕು.

ನಮ್ಮ ಇನಿಷಿಯಲ್ ಹೆಸರಿನವರಿಗೆ ಇನ್ನೊಂದು ಫಜೀತಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು", ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಬರೀತಾರೆ. ಆಮೇಲೆ ಡ್ರೈವಿಂಗ್ ಲೈಸೆನ್ಸ್, ಬ್ಯಾಂಕು ಎಲ್ಲ ಕಡೆ ಅದೇ ನಿಮ್ಮ ಹೆಸರು. ಹೀಗೆ ಬಂದ ಎಷ್ಟೋ ಜನರ ಮೊದಲ ಹೆಸರು ಒಂದೇ ಆಗಿಬಿಡುತ್ತೆ.

ದುಬೈಕಾರವಾರ (1:10)
2022ರ ನವೆಂಬರ್‌ನಿಂದ ಇಲ್ಲಿ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರೋರಿಗೆ ವಿಸಿಟ್ ವೀಸಾ ಮೇಲೆ ಬರೋಕೆ ಬಿಡಲ್ಲ ಅಂದರು. ಊರಿಂದ ಅಮ್ಮನ್ನ ಕರೆಸೋಕೆ ಹೊರಟ ಗೆಳೆಯರೆಲ್ಲ ಪಾಸ್‌ಪೋರ್ಟ್ ತೆಗೆದು ನೋಡಿಕೊಂಡರು.

ನಾಮಧೇಯ (1:18)
ವಿಷಯ ಎಲ್ಲೋ ಹೋಗ್ತಿದೆ. ಅಕ್ಕನ ಪ್ರಶ್ನೆಗೆ ಉತ್ತರ ಕೊಡೋಣ.

ಸಾಲದ ಬುಟ್ಟಿ (1:22)
ಒಂದೇ ನಿಮಿಷ, ನನ್ನದೂ ಹೇಳಿಬಿಡ್ತೀನಿ. ಮನೆ ಸಾಲಕ್ಕೆ ಹೋದರೆ ಸಿಬಿಲ್ ವರದಿಯಲ್ಲಿ (ನಮ್ಮ ಹಳೇ ಸಾಲಗಳ ಲೆಕ್ಕ) ನಾನು ತಗೊಳ್ಳದೇ ಇರೋ ಟ್ರ್ಯಾಕ್ಟರ್ ಸಾಲ, ಅದೂ ಸುಸ್ತಿ! ಹೆಸರು ಒಂದೇ, ಹುಟ್ಟಿದ ವರ್ಷ ಒಂದೇ, ಊರು ಬೇರೆ. ದೂರು ಕೊಟ್ಟೆ, ಸಾಲ ಕೊಟ್ಟವರು "ನಮ್ಮ ದಾಖಲೆ ಸರಿ ಇದೆ" ಅಂತ ಉತ್ತರಿಸಿ ಕೈ ತೊಳೆದುಕೊಂಡರು.

ಕೋಡುಗಲ್ಲು (1:30)
@ಸಾಲದ ಬುಟ್ಟಿ, ಮತ್ತೆ ದೂರು ಕೊಡಿ, ಪ್ಯಾನ್ ಪ್ರತಿ ಜೊತೆಗೆ. ಸರಿಪಡಿಸೋಕೆ 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸೋ ಅಧಿಕಾರಿ) ಹಾಕಿ. ಸಾಲದ ಮಾಹಿತಿ ಕಂಪನಿಗಳು ನಾಲ್ಕಿವೆ, ವರ್ಷಕ್ಕೊಮ್ಮೆ ಪ್ರತಿಯೊಂದರಿಂದಲೂ ಪೂರ್ತಿ ವರದಿ ಪುಕ್ಕಟೆ ಸಿಗುತ್ತೆ. ನಾಲ್ಕನ್ನೂ ತೆಗೆದು ನೋಡಿ, ಒಂದರಲ್ಲಿ ಸರಿಹೋಗಿ ಇನ್ನೊಂದರಲ್ಲಿ ಹಾಗೇ ಉಳಿದಿರುತ್ತೆ.

ಇದನ್ನ ಇಲ್ಲಿ ಹೇಳೋಕೆ ಕಾರಣ ಇದೆ. ಸಾಲದ ವರದಿ ತಪ್ಪಾದರೆ ದಿನಕ್ಕೆ 100 ರೂಪಾಯಿ ಅಂತ ದಂಡ ಇದೆ. ಬದುಕಿರೋ ಮುದುಕಿಯ ಪಿಂಚಣಿ ತಪ್ಪಾಗಿ ನಿಲ್ಲಿಸಿದರೆ ದಿನಕ್ಕೆ ಎಷ್ಟು?

ಮಲೆನಾಡ ಮಳೆ (1:33)
ಇದಕ್ಕೆ ಉತ್ತರ ಕೊಡೋರು ಯಾರು.

ಕಂದಾಯದವ (2:05)
ಕೆಂಪುಮಣ್ಣು ಅವರೇ, ಊಟಕ್ಕೆ ಬಂದಿದ್ದೆ, ಈಗ ಕೆಲಸದ ಮಾತು ಹೇಳ್ತೀನಿ.

ಮೊದಲು, ತೀರಿಕೊಂಡ ಇನ್ನೊಬ್ಬ ಅಜ್ಜಿಯ ಮರಣ ಪ್ರಮಾಣಪತ್ರದ ನಕಲು ಸಂಪಾದಿಸಿ. ಅವರ ಮನೆಯವರು ಕೊಡ್ತಾರೆ, ಕಷ್ಟ ಹೇಳಿಕೊಳ್ಳಿ. ನಿಮ್ಮ ಕೇಸಿನಲ್ಲಿ ಬಹುಮುಖ್ಯ ಕಾಗದ ಅದು. ಎಲ್ಲರೂ ಬದುಕಿದ್ದೀನಿ ಅಂತ ಪತ್ರ ತರ್ತಾರೆ, ಆದರೆ ಸತ್ತವರು ಬೇರೆ ಅಂತ ತೋರಿಸೋ ಕಾಗದ ತರಲ್ಲ. ವಿಳಾಸ, ಸತ್ತ ಸ್ಥಳ ಬೇರೆ ಅಂತ ಕಂಡ ಕೂಡಲೇ ಕಡತ ಸರಸರ ಹೋಗುತ್ತೆ.

ಅದರ ಜೊತೆ ಅವ್ವನ ಆಧಾರ್, ಮೊದಲ ಸಲ ಪಿಂಚಣಿ ಮಂಜೂರಾದ ಆದೇಶದ ಪ್ರತಿ, ಪಾಸ್‌ಬುಕ್, ಪಂಚಾಯಿತಿಯ ಪತ್ರ ಎಲ್ಲ ಸೇರಿಸಿ ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆಯಿರಿ. ಟೇಬಲ್ ಮೇಲೆ ಇಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಗ್ರಾಮ ಆಡಳಿತ ಅಧಿಕಾರಿಗೆ ಸ್ಥಳ ಮಹಜರಿಗೆ ಬರೋಕೆ ಹೇಳಿ, ನೆರೆಹೊರೆಯವರ ಸಹಿ ಆಗಲಿ.

ಆಗಲ್ಲ ಅಂತ ಬಾಯಿಮಾತಿನಲ್ಲಿ ಹೇಳಿದರೆ "ಹಿಂಬರಹ ಕೊಡಿ ಸರ್" ಅನ್ನಿ, ಅಂದರೆ ಯಾಕೆ ಆಗಲ್ಲ ಅನ್ನೋ ಲಿಖಿತ ಉತ್ತರ. ಬರವಣಿಗೆಯಲ್ಲಿ ಕೊಡಿ ಅಂದ ಕೂಡಲೇ ಅರ್ಧ ಕೆಲಸ ಆಗುತ್ತೆ, ನಾನು ಒಳಗಿದ್ದು ನೋಡಿರೋದು.

ಬಾಕಿ ದುಡ್ಡಿನ ಬಗ್ಗೆ: ಅದೇ ಅರ್ಜಿಯಲ್ಲಿ "ನಿಲುಗಡೆಯಾದ ತಿಂಗಳಿಂದ ಬಾಕಿ ಸಮೇತ ಮರು ಮಂಜೂರು ಮಾಡಬೇಕು" ಅಂತ ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಹೊಸ ಅರ್ಜಿ ಅಂತ ತಗೊಂಡು ಮುಂದಿನ ತಿಂಗಳಿಂದ ಶುರು ಮಾಡ್ತಾರೆ, ಹಳೇದು ಮುಳುಗುತ್ತೆ. ಹೊಸದಾಗಿ ಅರ್ಜಿ ಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ.

ಓಣಿಮಂದಿ (2:09)
ಕಂದಾಯದ ಅಣ್ಣಾರ, ಬೆಳಿಗ್ಗೆ ಬಿರುಸಾಗಿ ಮಾತಾಡಿದ್ದೆ. ಇದು ಕಾಗದಕ್ಕ ಬರಕೊಂಡು ಇಟ್ಕೊಳ್ಳೋ ಮಾತ್ರಿ.

ಮಲೆನಾಡ ಮಳೆ (2:15)
ಪಿಂಚಣಿ ಅದಾಲತ್ ನಡೀತವೆ, ಹತ್ತಿರದಲ್ಲಿ ಯಾವಾಗ ಅಂತ ನಾಡಕಚೇರಿಯಲ್ಲಿ ಕೇಳಿ. ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ಸಂಖ್ಯೆಯನ್ನೂ ಪಡೆದಿಡಿ.

ವಕೀಲಕೋಟು (2:28)
ಇದಕ್ಕೆ ವಕೀಲರಿಗೆ ದುಡ್ಡು ಸುರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿ ಇರುತ್ತೆ. ಅಲ್ಲಿಂದ ಒಂದು ಪತ್ರ ಹೋದರೂ ಸಾಕು.

ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಕೂಡ ಹಾಕಿ, 10 ರೂಪಾಯಿ. ಯಾವ ದಾಖಲೆ ಆಧರಿಸಿ ನಿಲ್ಲಿಸಿದರು ಅಂತ ಕೇಳಿ.

ಜೋಳದರಾಶಿ (2:40)
ನಂದೊಂದು ಪ್ರಶ್ನೆ ಐತ್ರಿ. ನನ್ನ ಹೆಂಡತಿ ಹೆಸರು, ನಮ್ಮ ಅಣ್ಣನ ಹೆಂಡತಿ ಹೆಸರು ಎರಡೂ ರೇಣುಕಾ. ಗಂಡನ ಹೆಸರಿನ ಜಾಗದಾಗ ನಮ್ಮ ಮನೆತನದ ಹೆಸರಷ್ಟೇ ಬಿದ್ದೈತಿ. ಮತದಾರರ ಪಟ್ಟಿಯಾಗ ಎರಡು ಸಲ ಬಂದೈತಿ, ಒಂದು ತೆಗೀತೀವಿ ಅಂತ ಬಿಎಲ್‌ಓ (ಮತಗಟ್ಟೆ ಅಧಿಕಾರಿ) ಹೇಳ್ಯಾರ.

ವಕೀಲಕೋಟು (2:47)
ಬಿಡಬೇಡಿ. ಇಬ್ಬರ ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ), ಆಧಾರ್ ತಗೊಂಡು ಇಬ್ಬರನ್ನೂ ಒಟ್ಟಿಗೆ ಬಿಎಲ್‌ಓ ಮುಂದೆ ನಿಲ್ಲಿಸಿ. ಜೊತೆಗೆ ನಮೂನೆ 8 ತುಂಬಿ ಗಂಡನ ಪೂರ್ತಿ ಹೆಸರು ಸೇರಿಸಿ. ನಮೂನೆ 7 ತೆಗೆಯೋದಕ್ಕೆ, ಅದಕ್ಕೆ ಯಾರು ಹೇಳಿದರೂ ಸಹಿ ಹಾಕಬೇಡಿ.

ಜೋಳದರಾಶಿ (2:49)
ನಾಳೇನ ಹೋಗ್ತೀನ್ರಿ.

ಬೆಂದಕಾಳು (3:02)
ಕೆಂಪುಮಣ್ಣು ಅವರೇ, ಆಧಾರ್‌ನಲ್ಲಿ ಅವ್ವನ ಹೆಸರಿಗೆ ಗುರುತು ಸಿಗೋ ಹಾಗೆ ಮನೆತನದ ಹೆಸರು ಸೇರಿಸಿಬಿಡಿ, ಮುಂದೆ ತೊಂದರೆ ಇರಲ್ಲ.

ಕೋಡುಗಲ್ಲು (3:08)
ದಯವಿಟ್ಟು ಈಗ ಬೇಡ! ಕಡತ ಓಡ್ತಿರುವಾಗ ಆಧಾರ್ ಹೆಸರು ಬದಲಾದರೆ ಪಿಂಚಣಿ ಆದೇಶಕ್ಕೂ ಪಾಸ್‌ಬುಕ್ಕಿಗೂ ಹೊಂದದೆ ಹೊಸ ತಂಟೆ. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವಮಾನದಲ್ಲಿ ಎರಡೇ ಅವಕಾಶ ಬೇರೆ.

ಬೆಂದಕಾಳು (3:11)
ಅದೂ ಸರಿಯೇ. ಪಿಂಚಣಿ ಬಂದ ಮೇಲೆ ಯೋಚಿಸಲಿ.

ಕೆಂಪುಮಣ್ಣು (4:36)
ಎಲ್ಲರಿಗೂ ಕೈ ಮುಗೀತೀನಿ. ಆ ಅಜ್ಜಿಯ ಮಗ ಫೋನಿಗೆ ಸಿಕ್ಕರು, ಮರಣ ಪತ್ರದ ಫೋಟೋ ಕಳಿಸಿದರು. ಅದರಲ್ಲಿ ಊರಿನ ಹೆಸರು ಸ್ಪಷ್ಟವಾಗಿದೆ, ನಮ್ಮದಲ್ಲ. ಅವರು ಒಂದು ಮಾತು ಹೇಳಿದರು: ಅವರ ತಾಯಿಯ ಹೆಸರಿನ ಪಿಂಚಣಿ ಇನ್ನೂ ಖಾತೆಗೆ ಬರ್ತಾನೇ ಇದೆಯಂತೆ, ಯಾರಿಗೆ ಹೇಳಬೇಕು ಗೊತ್ತಾಗದೆ ಮುಟ್ಟದೆ ಇಟ್ಟಿದ್ದಾರೆ.

ಆರ್‌ಟಿಐಗೆ ಹೀಗೆ ಬರೆದಿದ್ದೀನಿ, ನೋಡಿ ಹೇಳಿ:
"ನನ್ನ ಪಿಂಚಣಿ ನಿಲ್ಲಿಸಿದ ಆದೇಶದ ಪ್ರತಿ ಕೊಡಿ. ನಾನು ಸತ್ತಿದ್ದೇನೆಂದು ವರದಿ ಕೊಟ್ಟ ಸ್ಥಳ ಪರಿಶೀಲನೆಯ ಪ್ರತಿ ಕೊಡಿ. ಹೀಗೇಕೆ ಮಾಡಿದಿರಿ ಎಂದು ತಿಳಿಸಿ."

ಕಂದಾಯದವ (4:50)
ಅವರ ದುಡ್ಡು ಇನ್ನೂ ಬರ್ತಿದೆ ಅಂದರೆ ನಿಮ್ಮ ಕೇಸು ಗಟ್ಟಿ. ಅವರಿಂದಲೂ ಒಂದು ಅರ್ಜಿ ಕೊಡಿಸಿ: ತಾಯಿ ತೀರಿಕೊಂಡಿದ್ದಾರೆ, ಪಿಂಚಣಿ ನಿಲ್ಲಿಸಿ, ಬಂದ ಮೊತ್ತ ಕಟ್ಟುತ್ತೇವೆ ಅಂತ. ಎರಡು ಅರ್ಜಿಗೂ ಒಂದೇ ದಿನ ಸೀಲು ಬೀಳಲಿ. ತಾವಾಗಿ ಹೇಳಿದವರಿಗೆ ತೊಂದರೆ ಕಡಿಮೆ ಅಂತಲೂ ಅವರಿಗೆ ತಿಳಿಸಿ.

ವಕೀಲಕೋಟು (4:58)
ಮೊದಲೆರಡು ಪ್ರಶ್ನೆ ಚೆನ್ನಾಗಿವೆ. ಮೂರನೇದು ತೆಗೆಯಿರಿ. ಆರ್‌ಟಿಐನಲ್ಲಿ "ಏಕೆ" ಅಂತ ಕೇಳಿದರೆ, ಅದು ಮಾಹಿತಿ ಅಲ್ಲ ಅಂತ ತಳ್ಳಿಹಾಕ್ತಾರೆ. ಅದರ ಬದಲು "ನಿಲ್ಲಿಸುವ ಮೊದಲು ನನಗೆ ನೀಡಿದ ನೋಟಿಸ್‌ನ ಪ್ರತಿ ಮತ್ತು ಅದು ತಲುಪಿದ್ದಕ್ಕೆ ಸ್ವೀಕೃತಿ" ಅಂತ ಬರೆಯಿರಿ. ಕೊಟ್ಟಿಲ್ಲದ ನೋಟಿಸ್‌ಗೆ ಪ್ರತಿ ಎಲ್ಲಿಂದ ತರ್ತಾರೆ? "ಲಭ್ಯವಿಲ್ಲ" ಅಂತ ಅವರ ಸಹಿಯಲ್ಲೇ ಉತ್ತರ ಬರುತ್ತೆ, ಅದು ನಿಮಗೆ ಬೇಕಾದ ಸಾಕ್ಷಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಕೆಂಪುಮಣ್ಣು (5:06)
ತಿದ್ದಿದೆ ಸರ್. ಅವ್ವನ ಹೆಬ್ಬೆಟ್ಟು ಹಾಕಿಸಿ ಸೋಮವಾರ ಟಪಾಲಿಗೆ ಕೊಡ್ತೀನಿ. ಆ ಅಜ್ಜಿಯ ಮಗನೂ ಜೊತೆಗೆ ಬರ್ತೀನಿ ಅಂದಿದ್ದಾರೆ.